ಮೊಮ್ಮಗಳ ಕಬ್ಬಿಣದ ಚಕ್ರ

"ಈ ಕಪ್ಪು ಕಬ್ಬಿಣದ ಚಕ್ರ ಬೇಡ ಪುಟ್ಟಿ, ಲಾರೀದು ಇದ್ದಂಗಿದೆ," ಎಂದೆ. ಸ್ಯಾನ್ ಡಿಯಾಗೋದ ಟೈರ್ ಅಂಗಡಿಯಲ್ಲಿ ನಿಂತಿದ್ದೆವು. ಡಾಕ್ಟರಾದ ಮೊಮ್ಮಗಳಿಗೆ ಹಿಮ ಬೀಳುವ ದೂರದ ಊರಿನಲ್ಲಿ ಕೆಲಸ ಸಿಕ್ಕಿತ್ತು. ಅವಳ ಕಾರಿಗೆ ಹಿಮದಲ್ಲಿ ಜಾರದ ಚಳಿಗಾಲದ ಟೈರು, ಅದಕ್ಕೆ ಬೇರೆ ಚಕ್ರಗಳ ಸಮೇತ ಹಾಕಿಸಬೇಕಿತ್ತು. ಮೂರನೇ ಕ್ಲಾಸು ಓದಿದ ನಾನು ಹಿಗ್ಗಿ ಅಂಗಡಿಯವನಿಗೂ ಮೈಸೂರು ಪಾಕ್ ಕೊಟ್ಟಿದ್ದೆ.

"ಅಲ್ಲಿ ಹಿಮ ಕರಗ್ಲಿ ಅಂತ ರೋಡಿಗೆಲ್ಲ ಉಪ್ಪು ಹಾಕ್ತಾರೆ ಅಜ್ಜಿ, ಶೈನಿಂಗ್ ಇರೋ ಚಕ್ರ ಹಾಳಾಗತ್ತೆ. ಇದು ಚೀಪು, ಸ್ಟ್ರಾಂಗು. ಎವ್ರಿ ವಿಂಟರ್ ಇದನ್ನೇ ಹಾಕ್ಬಹುದು."

"ಪ್ರತಿ ವರ್ಷಾನಾ? ಒಂದೇ ಚಳಿಗಾಲ, ಆಮೇಲೆ ಬಂದ್ಬಿಡ್ತೀನಿ ಅಂದಿದ್ಯಲ್ಲೇ?"

ಅವಳು ಅಂಗಡಿಯವನ ಕಡೆ ತಿರುಗಿ ಆ ಕಪ್ಪು ಚಕ್ರವನ್ನೇ ತೋರಿಸಿದಳು.

ಮೊಮ್ಮಗಳು ಡಾಕ್ಟರು ಎಂದು ಸಿಕ್ಕವರಿಗೆಲ್ಲ ಈಗಲೂ ಹೇಳುತ್ತೇನೆ, ಹೇಳುವಾಗ ಖುಷಿಯೇ ಆಗುತ್ತದೆ. ಮನೆಗೆ ಬಂದು ಅವಳ ಕೋಣೆಯ ಬಾಗಿಲು ಕಂಡರೆ ಮಾತ್ರ, ಇನ್ನು ಅವಳು ಇಲ್ಲಿಗೆ ನೆಂಟಳಾಗಿಯೇ ಬರುವುದು ಎಂದು ಎದೆ ಕುಸಿಯುತ್ತದೆ.