ಅತ್ತೆ ನಕ್ಕ ಫೋಟೊ

ಬಸ್ ಕಂಡಕ್ಟರ್ ಕೆಲಸದ ಆಕೆಗೆ ಕ್ಯಾಮೆರಾ ಹೊಸದು. ಫೋಟೊ ಎಂದರೆ ಮುಖ ಗಂಟಿಕ್ಕುವ ಅತ್ತೆ ಮೊನ್ನೆ ಮನೆ ಮುಂದೆ ಬಾಯ್ತುಂಬ ನಕ್ಕಾಗ ಪಟ್ಟನೆ ತೆಗೆದಿದ್ದಳು. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಆಸೆ. ಭಾನುವಾರದ ಫೋಟೊ ತರಗತಿಯಲ್ಲಿ ಪಾಠ ಹೇಳುವ ಸ್ಟುಡಿಯೋ ಯಜಮಾನ ಅದನ್ನು ನೋಡಿ, "ವೇಸ್ಟು. ಅಳಿಸಿಹಾಕಮ್ಮ," ಎಂದುಬಿಟ್ಟ. ಉಳಿದವರು ಕಿಸಕ್ಕನೆ ನಕ್ಕರು.

"ಎಲ್ಲಿ ತಪ್ಪಾಗಿದೆ ಸಾರ್?"

"ಹೇಳಿದ್ರೂ ನಿನ್ನ ತಲೆಗೆ ಹೋಗಲ್ಲ ಬಿಡು."

ಆಕೆಗೆ ಮೈಯೆಲ್ಲ ಉರಿಯಿತು. "ತಪ್ಪು ಬಸ್ ಹತ್ತಿದವರನ್ನ ನಾನು ಸುಮ್ನೆ ಇಳಿಸಿ ಹೋಗಲ್ಲ ಸಾರ್. ಯಾವ ಬಸ್ ಹತ್ತಬೇಕು ಅಂತ ಹೇಳೇ ಇಳಿಸ್ತೀನಿ," ಎಂದು ಕ್ಯಾಮೆರಾ ಹೆಗಲಿಗೇರಿಸಿ ಎದ್ದು ಬಂದಳು.

ಮನೆಯಲ್ಲಿ ಅತ್ತೆ ನಡೆದದ್ದನ್ನೆಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು. "ನಗು ಚೆನ್ನಾಗಿ ಬಂದಿದೆ ಕಣೇ. ಆದ್ರೆ ಹಿಂದಿನ ಕರೆಂಟ್ ಕಂಬ ನನ್ನ ನೆತ್ತಿ ಮೇಲೇ ಮೊಳೆತ ಹಾಗಿದೆಯಲ್ಲ! ಸ್ವಲ್ಪ ಪಕ್ಕಕ್ಕೆ ಸರಿದು ತೆಗೀಬಾರದಿತ್ತಾ?"

ಹೌದಲ್ಲ! ಆಕೆಯ ಸಿಟ್ಟು ಇಳಿಯುವ ಬದಲು ಇಮ್ಮಡಿಯಾಯಿತು. "ಇಷ್ಟು ಹೇಳೋಕೆ ಆ ಮಹಾರಾಯನ ಗಂಟೇನು ಹೋಗ್ತಿತ್ತು ಅತ್ತೆ?"

"ಬೈಯೋದು ಆಮೇಲೆ. ಬೆಳಕಿರುವಾಗಲೇ ಇನ್ನೊಂದು ತೆಗಿ ಬಾ," ಎಂದು ಅತ್ತೆ ಅಂಗಳಕ್ಕಿಳಿದರು. ಸೊಸೆಯ ಕೆಂಡದಂಥ ಮುಖ ನೋಡಿ ಅವರಿಗೆ ಮತ್ತೆ ಬಾಯ್ತುಂಬ ನಗು. ಆಕೆ ಯಜಮಾನನನ್ನು ಬೈಯುತ್ತಲೇ, ಕಂಬ ತಪ್ಪಿಸಿ ಪಕ್ಕಕ್ಕೆ ಸರಿದಳು.