ಮಾನ ಕಾಯುತ್ತಿದ್ದ ಮೂರ್ತಿ ಅಂಕಲ್

ಸಾವಿತ್ರಿ ಆಂಟಿ ಒಗ್ಗರಣೆಗೆ ಇಂಗು ಹಾಕಿದ ತಕ್ಷಣ ಮೂರ್ತಿ ಅಂಕಲ್ ಮನೆಯಿಂದ ಹೊರಗೆ ಹೋಗಿ, ಬೀದಿಯ ಅಂಚಿನಲ್ಲಿ ನಿಂತು, ಮೂಗೆತ್ತಿ ಗಾಳಿ ಮೂಸುತ್ತಿದ್ದರು. ಹೂಸ್ಟನ್ನಿನ ಆ ಸೆಕೆಯಲ್ಲಿ, ಭಾನುವಾರವೂ ಟೈ ಕಟ್ಟಿಕೊಂಡು. ಎದುರುಮನೆಯವರು ಹುಲ್ಲು ಕತ್ತರಿಸುತ್ತಿದ್ದರೆ ಅವರತ್ತ ಕೈಬೀಸಿ, ಮಳೆಯ ಬಗ್ಗೆ ಒಂದು ಮಾತಾಡಿ, ಅವರ ಮುಖ ಏನಾದರೂ ಸಿಂಡರಿಸಿತೇ ಎಂದು ನೋಡಿಕೊಂಡು ಒಳಗೆ ಬಂದು ವರದಿ ಒಪ್ಪಿಸುವರು: "ರಸ್ತೆವರೆಗೂ ಬಂದಿದೆ ಕಣೇ. ಇವತ್ತು ಮಾನ ಹೋಯ್ತು."

ನಾನಾಗ ಆಸ್ಟಿನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಡಬ್ಬಿಯ ಬೀನ್ಸ್ ತಿಂದು ನಾಲಿಗೆ ಸತ್ತುಹೋದಾಗಲೆಲ್ಲ ಬಸ್ಸು ಹತ್ತಿ ಹೂಸ್ಟನ್ನಿಗೆ ಅವರ ಮನೆಗೆ ಹೋಗಿಬಿಡುತ್ತಿದ್ದೆ. ನಮಗೂ ಅವರಿಗೂ ರಕ್ತಸಂಬಂಧವೇನಿಲ್ಲ. ಮೈಸೂರಿನಲ್ಲಿ ನಮ್ಮ ತಂದೆ ಮತ್ತು ಅಂಕಲ್ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಷ್ಟೆ. ಆ ಎಳೆ ಹಿಡಿದುಕೊಂಡು ನಾನು ಅವರ ಮನೆಯ ಸಾರನ್ನೆಲ್ಲ ಖಾಲಿ ಮಾಡುತ್ತಿದ್ದೆ.

ಅಂಕಲ್ ಎಣ್ಣೆಯ ಕಂಪನಿಯೊಂದರಲ್ಲಿ ದೊಡ್ಡ ಎಂಜಿನಿಯರ್. ಒಳ್ಳೆಯ ಮನುಷ್ಯ. ಆದರೆ ದೇವರು ಅವರಿಗೆ ಮಾನ ಕಾಯುವ ಕೆಲಸವನ್ನೂ ವಹಿಸಿಬಿಟ್ಟಿದ್ದ. ಆಂಟಿ ಸೀರೆ ಉಟ್ಟು ಅಂಗಡಿಗೆ ಹೊರಟರೆ ಮಾನ ಹೋಗುತ್ತಿತ್ತು. ನಾನು ಕಾರಿನಲ್ಲಿ ಜೋರಾಗಿ ಸೀನಿದರೆ ಮಾನ ಹೋಗುತ್ತಿತ್ತು. ಒಗೆದ ಪಂಚೆಯನ್ನು ಹಿತ್ತಲಲ್ಲಿ ಒಣಗಿಸುವಂತಿಲ್ಲ, ಒಳಗೆ ಬಚ್ಚಲಿನಲ್ಲಿ ನೇತುಹಾಕಬೇಕು. "ಇವರ ಕಣ್ಣಿಗೆ ನಾವು ನಗೆಪಾಟಲಾಗಬಾರದು ಕಣಯ್ಯಾ" ಎನ್ನುವರು. ಯಾರೂ ನಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಗುತ್ತಿದ್ದವನು ನಾನೊಬ್ಬನೇ, ಅದೂ ಅಂಕಲ್ ಬೆನ್ನ ಹಿಂದೆ.

ಅವರಿಗೆ ಎಲ್ಲಕ್ಕಿಂತ ಹೆಚ್ಚಿನ ತಲೆನೋವಾಗಿದ್ದದ್ದು ಆಂಟಿ ನೀರು ಕುಡಿಯುವ ರೀತಿ. ಆಂಟಿ ಹುಟ್ಟಿದಾಗಿನಿಂದ ಲೋಟ ಕಚ್ಚಿ ಕುಡಿದವರಲ್ಲ. ನೀರಿರಲಿ, ಮಜ್ಜಿಗೆಯಿರಲಿ, ಕಿತ್ತಳೆ ರಸವಿರಲಿ, ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಮೇಲೆತ್ತಿ, ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುವರು. ಒಂದು ತೊಟ್ಟೂ ಆಚೀಚೆ ಆಗುತ್ತಿರಲಿಲ್ಲ. ಮೈಸೂರಿನಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅಂಕಲ್ ಆಫೀಸಿನ ಪಾರ್ಟಿಗಳಲ್ಲಿ ಆಂಟಿ ಗಂಟಲು ಒಣಗಿಸಿಕೊಂಡೇ ಕೂತು ಬರುತ್ತಿದ್ದರು. ಮನೆಗೆ ಬಂದ ಮೇಲೆ ನೇರ ಅಡುಗೆಮನೆಗೆ ಹೋಗಿ ಎರಡು ಚೊಂಬು ನೀರು ಎತ್ತಿ ಕುಡಿಯುವರು.

ಪಕ್ಕದ ಮನೆಯಲ್ಲಿ ಪಿಲಾರ್ ಎಂಬ ಸ್ಪೇನಿನ ಹೆಂಗಸು ಇದ್ದಳು. ಗಂಡನಿಗೆ ಬಂದರಿನಲ್ಲಿ ಕೆಲಸ. ಸ್ಪೇನಿನ ಉತ್ತರದಲ್ಲಿ, ಬೆಟ್ಟ ಮತ್ತು ಸಮುದ್ರದ ಮಧ್ಯೆ ಸಿಕ್ಕಿಕೊಂಡ ಅಸ್ತೂರಿಯಾಸ್ ಎಂಬ ಸೀಮೆಯವಳು. ಆಂಟಿಗೂ ಅವಳಿಗೂ ಗಾಢ ಸ್ನೇಹ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ದರಿಂದ ಮಾತು ಚೆನ್ನಾಗಿ ನಡೆಯುತ್ತಿತ್ತು. ಆಂಟಿ ಹೊಟ್ಟೆತುಂಬ ನೀರು ಎತ್ತಿ ಕುಡಿಯುತ್ತಿದ್ದ ಪರರ ಮನೆಯೆಂದರೆ ಅದೊಂದೇ.

ಎಪ್ಪತ್ತರ ದಶಕದ ನಡುವಿನ ಒಂದು ಅಕ್ಟೋಬರಿನಲ್ಲಿ ಅಂಕಲ್, ಆಂಟಿ ರಜೆಗೆ ಊರಿಗೆ ಹೊರಟರು. ಪಿಲಾರ್ ಆಗಲೇ ತವರಿಗೆ ಹೋಗಿದ್ದಳು. ದಾರಿಯಲ್ಲಿ ಸ್ಪೇನಿನಲ್ಲಿ ಇಳಿದು ತನ್ನ ಅಪ್ಪನ ಮನೆಯಲ್ಲಿ ನಾಲ್ಕು ದಿನ ಇರದೆ ಹೋದರೆ ಮಾತೇ ಬಿಡುತ್ತೇನೆ ಎಂದು ಮೊದಲೇ ಹೆದರಿಸಿದ್ದಳು. ನಾನೂ ಊರಿಗೆ ಹೊರಟಿದ್ದೆ, ಕಾಲೇಜಿನಲ್ಲಿ ಸ್ವಲ್ಪ ಸ್ಪ್ಯಾನಿಷ್ ಕಲಿತಿದ್ದೆ. ಅಂಕಲ್ ನನ್ನನ್ನು ದುಭಾಷಿಯಾಗಿ ಎಳೆದುಕೊಂಡರು.

ಹೊರಡುವ ಮೊದಲು ಅವರ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಅಂಕಲ್ ಮೇಷ್ಟ್ರಂತೆ ನಿಂತು ಫೋರ್ಕ್ ಹಿಡಿಯುವುದನ್ನು ತೋರಿಸಿದರು. ಆಮೇಲೆ ಗಾಜಿನ ಲೋಟ ಮುಂದಿಟ್ಟರು.

"ಕಚ್ಚಿ ಕುಡಿ."

ಆಂಟಿ ತುಟಿಗೆ ತಾಗಿಸಿಕೊಂಡರು. ನಗು ಬಂದು ನೀರು ನೆತ್ತಿಗೆ ಹತ್ತಿತು. "ಅಯ್ಯೋ ರಾಮ! ಮಗು ಥರ ಹೀರ್ಕೊಂಡು ಕುಡೀಬೇಕಾ?" ಎಂದು ಕೆಮ್ಮಿದರು.

"ನಗಬೇಡ. ದೊಡ್ಡ ಮನೆತನ ಅವರದ್ದು. ಅಲ್ಲಿ ಹೋಗಿ ಲೋಟ ಎತ್ತಿದ್ರೆ ನನ್ನ ಮಾನ ಹೋಗುತ್ತೆ."

"ಸರಿ ಕಣ್ರೀ. ನನ್ನ ಲೋಟ ನನಗೆ ಬೇರೆ ಕೊಟ್ರೆ ಕಚ್ಚಿಯೇ ಕುಡೀತೀನಿ, ಆಯ್ತಾ?" ಎಂದು ಆಂಟಿ ಒಪ್ಪಿದರು.

ಮ್ಯಾಡ್ರಿಡ್ಡಿನಲ್ಲಿ ಹತ್ತಿದ ರೈಲು ಅರ್ಧ ದಿನ ಒಣ ಬಯಲಿನಲ್ಲಿ ಓಡಿ, ಒಂದು ದೊಡ್ಡ ಬೆಟ್ಟಸಾಲಿನ ಸುರಂಗಗಳಲ್ಲಿ ನುಗ್ಗಿ, ಆಚೆ ಬಂದದ್ದೇ ಬೇರೆ ಲೋಕಕ್ಕೆ. ಎಲ್ಲಿ ನೋಡಿದರೂ ಹಸಿರು, ಕಡಿದಾದ ಹುಲ್ಲುಗಾವಲು, ಕೊರಳಿಗೆ ಗಂಟೆ ಕಟ್ಟಿದ ದನಗಳು. ಪಿಲಾರಳ ಊರಿನಲ್ಲಿ ಬೆನ್ನಿಗೆ ಮಂಜು ಹೊದ್ದ ಬೆಟ್ಟ. ಮುಂದೆ ಹೊಲ ಇಳಿದು ಹೋದರೆ ಸಮುದ್ರ. ಮನೆಯ ಪಕ್ಕದಲ್ಲಿ ಕಲ್ಲಿನ ಕಾಲುಗಳ ಮೇಲೆ ನಿಂತ ಮರದ ಕಣಜ, ಅದರ ಸುತ್ತ ಒಣಗಲು ತೂಗುಹಾಕಿದ ಮುಸುಕಿನ ಜೋಳದ ತೆನೆಗಳು. ಸ್ಟೇಷನ್ನಿನಿಂದ ನಮ್ಮನ್ನು ಕರೆತಂದ ಕಾರಿನಿಂದಿಳಿದು ಅಂಕಲ್ ಟೈ ಸರಿಮಾಡಿಕೊಂಡರು. ಪಿಲಾರಳ ಅಪ್ಪ ಅನ್ಸೆಲ್ಮೊ ಅಜ್ಜ ಸಗಣಿ ಮೆತ್ತಿದ ಮರದ ಪಾದುಕೆ ಹಾಕಿಕೊಂಡು ಎದುರಿಗೆ ಬಂದು, ಅಂಕಲನ್ನು ಆ ಟೈ ಸಮೇತ ಅಪ್ಪಿಕೊಂಡ. ದೊಡ್ಡ ಮನೆತನದ ಬಗ್ಗೆ ಅಂಕಲ್ ಕಟ್ಟಿಕೊಂಡಿದ್ದ ಕಲ್ಪನೆ ಅಲ್ಲೇ ಅರ್ಧ ಕುಸಿಯಿತು.

ಅದು ಸೇಬು ಅರೆಯುವ ಕಾಲ. ಮರುದಿನ ಮಧ್ಯಾಹ್ನ ನೆಂಟರು, ನೆರೆಯವರು ಎಲ್ಲ ಕೊಟ್ಟಿಗೆಯಲ್ಲಿ ಸೇರಿದರು. ಅಲ್ಲಿ ಸೇಬಿನ ರಸವನ್ನು ಹುಳಿ ಬರಿಸಿ ಮದ್ಯ ಮಾಡುತ್ತಾರೆ. ನಾವು ಕುಡಿಯುವುದಿಲ್ಲವೆಂದು ಪಿಲಾರ್ ಮೊದಲೇ ಹೇಳಿದ್ದರಿಂದ ಅಜ್ಜ ನಮಗೆಂದು ಆಗ ತಾನೇ ಹಿಂಡಿದ ಸಿಹಿ ರಸವನ್ನು ಬಾಟಲಿಗೆ ತುಂಬಿಸಿದ್ದ. ಅದನ್ನು ಸುರಿದ ಬಗೆ ನೋಡಬೇಕಿತ್ತು. ಬಲಗೈಯಲ್ಲಿ ಬಾಟಲಿಯನ್ನು ತಲೆಯ ಮೇಲೆ ಎಷ್ಟು ಎತ್ತಲು ಸಾಧ್ಯವೋ ಅಷ್ಟು ಎತ್ತಿ, ಎಡಗೈಯಲ್ಲಿ ಲೋಟವನ್ನು ತೊಡೆಯ ಹತ್ತಿರ ಹಿಡಿದು, ಲೋಟದ ಕಡೆ ನೋಡದೆಯೇ ಧಾರೆ ಬಿಟ್ಟ. "ಮದ್ಯಕ್ಕೆ ಮಾತ್ರ ಹೀಗೆ ಸುರೀತಾರೆ. ನಿಮ್ಮ ಮರ್ಯಾದೆಗೆ ಅಂತ ಅಪ್ಪ ರಸಾನೂ ಹೀಗೆ ಸುರೀತಿದ್ದಾನೆ" ಎಂದು ನಕ್ಕು ಪಿಲಾರ್ ಒಲೆಯ ಮೇಲಿನ ಪಾತ್ರೆ ನೋಡಲು ಒಳಗೆ ಹೋದಳು.

ನಮಗೆ ಯಾರೂ ಹೇಳದಿದ್ದ ವಿಷಯವೊಂದಿತ್ತು. ಲೋಟ ಒಂದೇ. ಒಬ್ಬರಿಗೆ ಒಂದು ಗುಟುಕಿನಷ್ಟು ಸುರಿಯುವುದು; ಅವರು ಕುಡಿದು, ತುಟಿ ತಾಗಿದ ಅಂಚಿನ ಮೇಲಿಂದ ಕೊನೆಯ ಹನಿಗಳನ್ನು ನೆಲಕ್ಕೆ ಚೆಲ್ಲಿ ಲೋಟ ಹಿಂತಿರುಗಿಸುವುದು; ಅದರಲ್ಲೇ ಮುಂದಿನವರಿಗೆ. ಆ ಚೆಲ್ಲುವುದೇ ಅವರ ಪಾಲಿಗೆ ತೊಳೆದ ಹಾಗೆ. ಲೋಟ ಸುತ್ತು ಬರುತ್ತಿದ್ದಂತೆ ಆಂಟಿಯ ಮುಖ ನೋಡಿದೆ. ತಾಲೀಮು ಮಾಡಿದ್ದು ಎಲ್ಲ ಸರಿಯೇ, ಆದರೆ ಹತ್ತು ಜನರ ಎಂಜಲು! ನಾನು ಕುಡಿದೆ. ಅಂಕಲ್ ಉಸಿರು ಬಿಗಿಹಿಡಿದು ಕುಡಿದರು. ಲೋಟ ಆಂಟಿಯ ಕೈಗೆ ಬಂತು.

ಆಂಟಿ ಒಮ್ಮೆ ಅಂಕಲ್ ಕಡೆ ನೋಡಿದರು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಕೈ ಚಾಚುವಷ್ಟು ಮೇಲೆತ್ತಿ, ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಂಡರು. ಒಂದು ತೊಟ್ಟೂ ಚೆಲ್ಲಲಿಲ್ಲ.

ಕೊಟ್ಟಿಗೆ ಸದ್ದಿಲ್ಲದಾಯಿತು. ಆ ಕ್ಷಣದಲ್ಲಿ ನಾನು ಅಜ್ಜನ ಮುಖ ನೋಡುತ್ತಿದ್ದೆ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ: ಅವನ ಕಣ್ಣು ಅರಳಿತ್ತು. ಬಾಟಲಿ ಹಿಡಿದ ಕೈ ತಾನಾಗಿಯೇ ಅರ್ಧ ಮೇಲೆದ್ದಿತ್ತು, ನೋಡಿ ನೋಡಿ ಎಂದು ಎಲ್ಲರಿಗೂ ಹೇಳುವಂತೆ. ತನ್ನ ವಿದ್ಯೆ ಬಲ್ಲ ಇನ್ನೊಬ್ಬರು ಎಲ್ಲೋ ದೂರದ ದೇಶದಿಂದ ಬಂದು ತನ್ನ ಕೊಟ್ಟಿಗೆಯಲ್ಲಿ ನಿಂತಿದ್ದಾರೆ ಎಂಬ ಸಂತೋಷ ಅದು. ಇನ್ನೊಂದು ಗಳಿಗೆ ತಡೆದಿದ್ದರೆ ಅವನು ಚಪ್ಪಾಳೆ ತಟ್ಟುತ್ತಿದ್ದ.

ಅಂಕಲ್ ತಡೆಯಲಿಲ್ಲ. ಅವರಿಗೆ ಕಂಡದ್ದು ಆ ಮೌನ ಮಾತ್ರ. ಮುಖ ಕೆಂಪಾಗಿ, ಎದ್ದು ನಿಂತು, ಬಾಯಿಯತ್ತ ಬೆರಳು ತೋರಿಸುತ್ತ, ತಮಗೆ ಗೊತ್ತಿದ್ದ ನಾಲ್ಕಾರು ಸ್ಪ್ಯಾನಿಷ್ ಪದಗಳಲ್ಲಿ ಒಂದನ್ನು ಹೆಕ್ಕಿ ಹೇಳಿಬಿಟ್ಟರು: "ಎನ್‌ಫೆರ್ಮಾ! ಎನ್‌ಫೆರ್ಮಾ!" ಕಾಯಿಲೆಯವಳು, ಅಂಟಬಾರದೆಂದೇ ತುಟಿ ತಾಗಿಸಲಿಲ್ಲ ಎಂಬಂತೆ.

ಅಜ್ಜನ ಕೈ ಕೆಳಗಿಳಿಯಿತು. ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಂಟಿಗೆ ಸ್ಪ್ಯಾನಿಷ್ ಬಾರದಿದ್ದರೂ ಪಿಲಾರಳ ಸಹವಾಸದಲ್ಲಿ ಆ ಮಾತು ಕೇಳಿ ಗೊತ್ತಿತ್ತು. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು, ಅಂಕಲ್ ಕಡೆ ಮಾತ್ರ ತಿರುಗಲಿಲ್ಲ. ನನಗೆ ಬಾಯಿಯೂ ಇತ್ತು, ಭಾಷೆಯೂ ಇತ್ತು. ಆದರೆ ದೊಡ್ಡವರ ಮಾತನ್ನು ಹತ್ತು ಜನರೆದುರು ಸುಳ್ಳು ಮಾಡುವುದು ಹೇಗೆ? ನೆಲ ನೋಡುತ್ತ ನಿಂತೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಜ್ಜ ಒಳಗೆ ಹೋಗಿ ಒಂದು ಸಣ್ಣ ಲೋಟ ತಂದ. ತೀರಿಹೋದ ಅವನ ಹೆಂಡತಿಯದ್ದು. ಅವಳಿಗೆ ಕ್ಷಯವಾದಾಗ ಬೇರೆ ಇಟ್ಟ ಲೋಟವಂತೆ. ಅದನ್ನು ಬಿಸಿನೀರಲ್ಲಿ ತೊಳೆದು, ತನ್ನ ಅಂಗಿಯ ತುದಿಯಿಂದಲೇ ಒರೆಸಿ, ರಸ ತುಂಬಿ, ಎರಡೂ ಕೈಯಲ್ಲಿ ಆಂಟಿಗೆ ಕೊಟ್ಟ. ಸತ್ತವಳ ಲೋಟ, ಅದೂ ಕ್ಷಯದವಳದ್ದು. ಆಂಟಿ ಅದನ್ನು ಎತ್ತಿ ಕುಡಿಯಲಿಲ್ಲ. ಕಣ್ಣು ಮುಚ್ಚಿ, ಕಚ್ಚಿಯೇ ಪೂರ್ತಿ ಕುಡಿದರು.

ಅಲ್ಲಿಂದ ಮುಂದೆ ಊರಿಗೆ ಊರೇ ಆಂಟಿಯ ಆರೈಕೆಗೆ ನಿಂತಿತು. ಒಬ್ಬಳು ಕಂಬಳಿ ತಂದಳು, ಇನ್ನೊಬ್ಬಳು ಜೇನುತುಪ್ಪ. ಸಮುದ್ರ ನೋಡಲು ಹೊರಟರೆ ಗಾಳಿ ತಾಗುತ್ತದೆ ಎಂದು ಬಿಡಲಿಲ್ಲ. ಹೂಸ್ಟನ್ನಿನಲ್ಲಿ ಒಂದೇ ಕೈಯಲ್ಲಿ ನಲವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತಿದ್ದ ಆಂಟಿ, ಗುಂಡುಕಲ್ಲಿನಂಥ ಹೆಂಗಸು, ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತು ದೂರದ ಅಲೆಯ ಸದ್ದು ಕೇಳುತ್ತಿದ್ದರು.

ಪಿಲಾರಳಿಗೆ ವಿಷಯ ಗೊತ್ತಾಗಲು ತಡವಾಗಲಿಲ್ಲ. ಕಣಜದ ಕೆಳಗೆ ಅಂಕಲನ್ನು ನಿಲ್ಲಿಸಿಕೊಂಡು ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ಸಾವಿತ್ರಿ ನನ್ನ ಅಡುಗೆಮನೇಲಿ ದಿನಾ ಹೀಗೇ ಕುಡೀತಾಳೆ. ಅಪ್ಪನಿಗೆ ನಾನು ಹೇಳಿದ್ರೆ ನೀವು ಸುಳ್ಳುಗಾರ ಆಗ್ತೀರಿ. ನೀವು ನನ್ನ ಮನೆಗೆ ಬಂದವರು, ನಾನು ಹೇಳಲ್ಲ. ನೀವೇ ಹೇಳಿ. ಹೋಗೋ ಮೊದಲು ಹೇಳಿ."

ಅಂಕಲ್ ಎರಡು ದಿನ ಊಟ ಬಿಟ್ಟವರ ಹಾಗೆ ಓಡಾಡಿದರು. ಹೊರಡುವ ದಿನ ಬೆಳಿಗ್ಗೆ ನನ್ನ ತೋಳು ಹಿಡಿದು, "ಬಾರೋ ಶ್ರೀಧರ. ನಾನು ಹೇಳಿದ್ದನ್ನ ಹಾಗೇ ಅವನಿಗೆ ಹೇಳು. ಒಂದಕ್ಷರ ಬಿಡಬೇಡ" ಎಂದು ಕೊಟ್ಟಿಗೆಗೆ ಕರೆದೊಯ್ದರು. ಅಜ್ಜ ಸೇಬು ಆರಿಸುತ್ತಿದ್ದ. ಅಂಕಲ್ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅಜ್ಜ ಅವರ ಎರಡೂ ಕೈ ಹಿಡಿದುಕೊಂಡು ಮಾತಾಡತೊಡಗಿದ. ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ:

"ಈಗ ಇಗರ್ಜಿಗೆ ಹೋಗಿ ನಿಮ್ಮ ಹೆಂಡತಿಗೆ ಅಂತ ಮೇಣದಬತ್ತಿ ಹಚ್ಚಿ ಬಂದೆ ಅಂತಿದ್ದಾನೆ. ಇನ್ನು ಪ್ರತಿ ಭಾನುವಾರ ಹಚ್ಚುತ್ತಾನಂತೆ. ನನ್ನವಳು ಉಳೀಲಿಲ್ಲ, ನಿಮ್ಮವಳು ಉಳೀಲಿ ಅಂತಿದ್ದಾನೆ. ವಾಸಿಯಾದ ಮೇಲೆ ಬರಬೇಕಂತೆ. ಆಗ ಎಲ್ಲಾರೂ ಒಂದೇ ಲೋಟದಲ್ಲಿ ಕುಡಿಯೋಣ ಅಂತಿದ್ದಾನೆ."

ಅಂಕಲ್ ತುಟಿ ಅಲ್ಲಾಡಿತು.  ಅವರ ಕಣ್ಣಲ್ಲಿ ನೀರು ಕಂಡು ಅಜ್ಜ, ಪಾಪ, ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡ.

"ಬೇಡ. ನಡಿ" ಎಂದರು ಅಂಕಲ್ ನನಗೆ.

ಅದೇ ದಿನ ರೈಲು ಹತ್ತಿದೆವು, ಸುರಂಗಗಳು ಮುಗಿದವು. ಬಯಲು ಕಂಡ ಮೇಲೆ ಆಂಟಿ ಕಿಟಕಿಯ ಕಡೆ ನೋಡುತ್ತಲೇ ಅಂದರು: "ಹೇಳಿದ್ರಾ?"

"ಇಲ್ಲ."

"ನಮ್ಮ ಮನೆ ಪದ್ಧತಿ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು. ಅದಕ್ಕಿಂತ ಕಾಯಿಲೆಯೇ ಮರ್ಯಾದೆ ಅನ್ನಿಸ್ತಾ ನಿಮಗೆ?"

 ಆ ದಿನದಿಂದ ಅಂಕಲ್ ಬಾಯಲ್ಲಿ 'ಮಾನ ಹೋಯ್ತು' ಎಂಬ ಮಾತನ್ನು ನಾನು ಮತ್ತೆ ಕೇಳಲಿಲ್ಲ. ಒಗ್ಗರಣೆ ಹಾಕಿದರೂ ಬೀದಿಗೆ ಹೋಗುತ್ತಿರಲಿಲ್ಲ. ನನಗೆ ಅದು ನಿರಾಳವೆನಿಸಬೇಕಿತ್ತು, ಆದರೆ ಆ ಮನೆಯಲ್ಲಿ ಏನೋ ಒಂದು ತಮಾಷೆ ನಿಂತುಹೋದ ಹಾಗಿತ್ತು. ಆ ಮನುಷ್ಯ ಮಾನದ ಭಯದಲ್ಲಿ ಬದುಕಿದ್ದನ್ನು ನೋಡಿ ನಕ್ಕಿದ್ದೆ. ನಿಜವಾದ ನಾಚಿಕೆಯಲ್ಲಿ ಬದುಕುವುದನ್ನು ನೋಡುವುದು ಕಷ್ಟವಾಗಿತ್ತು.

ನನ್ನ ಓದು ಮುಗಿದು ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ ಅವರು ಕರೆದರೆಂದು ಒಂದು ಶನಿವಾರ ಹೂಸ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ. ಅಂಕಲ್ ಮೇಲಧಿಕಾರಿ ದಂಪತಿಗಳು ಊಟಕ್ಕೆ ಬಂದಿದ್ದರು. ಪಿಲಾರ್ ಕಪ್ಪು ಬಟ್ಟೆಯಲ್ಲಿದ್ದಳು. ಅಪ್ಪನನ್ನು ಮಣ್ಣು ಮಾಡಿ ಅದೇ ವಾರ ಹಿಂತಿರುಗಿದ್ದಳು. ಕಾಲು ಬರದಾದ ಮೇಲೂ ಅಜ್ಜ ಯಾರನ್ನಾದರೂ ಕಳಿಸಿ ಆ ಮೇಣದಬತ್ತಿ ಹಚ್ಚಿಸುತ್ತಿದ್ದನಂತೆ. ಊಟಕ್ಕೆ ಕೂರುವ ಮುಂಚೆ ಅವಳು ಅದನ್ನು ಹೇಳುವಾಗ ಅಂಕಲ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಊಟದ ನಡುವೆ ಅಂಕಲ್ ಇದ್ದಕ್ಕಿದ್ದಂತೆ ಎದ್ದು ನಿಂತರು. ನೀರಿನ ಲೋಟ ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಕೈ ಎತ್ತಿ ಸುರಿದುಕೊಂಡರು. ಎಷ್ಟೋ ವರ್ಷಗಳಿಂದ ಅಭ್ಯಾಸ ತಪ್ಪಿದ್ದ ಕೈ. ನೀರು ಮೂಗಿಗೆ ಹೋಯಿತು, ಗದ್ದಕ್ಕೆ ಹೋಯಿತು, ಟೈಯೆಲ್ಲ ತೊಯ್ದುಹೋಯಿತು. ಮೇಲಧಿಕಾರಿ ಗಾಬರಿಯಿಂದ ಆರೋಗ್ಯ ವಿಚಾರಿಸಿದ.

"ನನಗೇನೂ ಆಗಿಲ್ಲ. ನಮ್ಮ ಮನೇಲಿ ಕುಡಿಯೋದೇ ಹೀಗೆ. ನನ್ನ ಹೆಂಡತಿ ನನಗಿಂತ ಚೆನ್ನಾಗಿ ಕುಡೀತಾಳೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಕೆಮ್ಮುತ್ತ, ಕನ್ನಡದಲ್ಲಿ ಸೇರಿಸಿದರು: "ತೋರಿಸೇ ಸಾವಿತ್ರಿ."

ಆಂಟಿ ಅವರ ಒದ್ದೆ ಟೈಯನ್ನು ಬಹಳ ಹೊತ್ತು ನೋಡಿದರು. "ನನಗೆ ಬಾಯಾರಿಕೆ ಇಲ್ಲ" ಎಂದು, ಟವೆಲ್ ತಂದು ಅವರ ಕೈಗೆ ಕೊಟ್ಟು, ಅನ್ನ ತರಲು ಒಳಗೆ ಹೋದರು.

ನಾನು ಸಂಜೆ ಬೆಳಕಿರುವಾಗಲೇ ಹೊರಟೆ. ಅಂಕಲ್ ಕಾರಿನ ತನಕ ಬಂದರು. ಅದೇ ನಾನು ಅವರನ್ನು ನೋಡಿದ ಕೊನೆಯ ಸಲ. ಆ ಚಳಿಗಾಲದಲ್ಲಿ ಆಫೀಸಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

"ನಿನಗೆ ಆ ಭಾಷೆ ಇನ್ನೂ ನೆನಪಿದೆಯೇನೋ?" ಎಂದು ಆ ಸಂಜೆ ಕಾರಿನ ಬಾಗಿಲು ಹಿಡಿದು ಕೇಳಿದರು.

"ಅಲ್ಪಸ್ವಲ್ಪ."

"ಅವಳಿಗೆ ಕಾಯಿಲೆ ಇರಲಿಲ್ಲ. ಇದನ್ನ ಹೇಗೆ ಹೇಳೋದು?"

ಈಗ ಯಾರಿಗೆ ಹೇಳುತ್ತೀರಿ ಅಂಕಲ್ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ, ಹೇಳಿಕೊಟ್ಟೆ. ಅವರು ಒಮ್ಮೆ ಮೆಲ್ಲಗೆ ಅಂದುಕೊಂಡರು, ಉಚ್ಚಾರ ತಪ್ಪಾಯಿತು. ತಿದ್ದಿದೆ. ಆಗ ಅವರು ಹಿಂದೆ ಗಾಳಿ ಮೂಸುತ್ತ ನಿಲ್ಲುತ್ತಿದ್ದ ಬೀದಿಯ ಅಂಚಿಗೇ ಹೋಗಿ ನಿಂತು, ಜೋರಾಗಿ ಹೇಳಿದರು: "ನೋ ಎಸ್ತಾಬಾ ಎನ್‌ಫೆರ್ಮಾ."

ಎದುರುಮನೆಯವರು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಅಂಕಲ್ ಅವರಿಗೆ ಕೈಬೀಸಲಿಲ್ಲ. ಇನ್ನೊಮ್ಮೆ ಹೇಳಿದರು.