ಶನಿವಾರ ಹಂಚಿದ ಕಂಬಳಿ

ಪಾವಗಡಕ್ಕೆ ಬಂದ ಮೊದಲ ವಾರ ತಾಲ್ಲೂಕು ನೋಡೋಣವೆಂದು ಹತ್ತಿದ ಬಸ್ಸಿನಲ್ಲಿ ಕಂಡಕ್ಟರ್ ‘ಬಲಸಮುದ್ರ’ ಎಂದು ಕೂಗಿದ. ತೂಕಡಿಸುತ್ತಿದ್ದವಳು ಎಚ್ಚೆತ್ತು ಕಿಟಕಿಗೆ ಮುಖ ಹಚ್ಚಿದೆ. ಕುಂದಾಪುರದವಳು ನಾನು, ಸಮುದ್ರ ಎಂದರೆ ಕಣ್ಣು ತಾನಾಗಿ ನೀರು ಹುಡುಕುತ್ತದೆ. ಕಂಡದ್ದು ನೀಲಿಯೇ. ಆದರೆ ಅಲೆಯಿಲ್ಲ, ಉಪ್ಪುಗಾಳಿಯಿಲ್ಲ. ಕಣ್ಣು ಹರಿಯುವಷ್ಟು ದೂರವೂ ಬಿಸಿಲಿಗೆ ಮುಖ ಮಾಡಿದ ಸೋಲಾರ್ ಫಲಕಗಳು. ಇಂಥ ಊರಿನಲ್ಲಿ ಹೇಗಪ್ಪಾ ಇರುವುದು ಎಂದು ಆ ದಿನ ನಿಜಕ್ಕೂ ಅಳು ಬಂತು.

ಇರಲು ಕಲಿಸಿದವರು ನರಸಮ್ಮನವರು. ಕಾಲೇಜಿನಲ್ಲಿ ಪಾಠ ಹೇಳಲು ವರ್ಗವಾಗಿ ಬಂದ ನನಗೆ ತಮ್ಮ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟವರು. ಎಪ್ಪತ್ತು ದಾಟಿದ ಜೀವ. ನಮ್ಮಲ್ಲಿ ಅಂಗಳದ ಬಾವಿಗೆ ಕೊಡಪಾನ ಇಳಿಸಿದರೆ ಮುಗಿಯಿತು. ಇಲ್ಲಿ ಬೋರ್‌ವೆಲ್ ನೀರು ಕುಡಿದರೆ ಮೂಳೆಗೆ ಕೇಡು, ಕುಡಿಯುವ ನೀರನ್ನು ಫಿಲ್ಟರ್ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತರಬೇಕು. ಅದು ತಿಳಿಯದೆ ನಾನು ಮೊದಲ ದಿನವೇ ಆ ನೀರಿನಲ್ಲಿ ಅಕ್ಕಿ ತೊಳೆದು ಚೆಲ್ಲಿದ್ದೆ. ನರಸಮ್ಮನವರು ಬಯ್ಯಲಿಲ್ಲ. ತಮ್ಮ ಬಿಂದಿಗೆಯಿಂದಲೇ ಅರ್ಧ ಬಗ್ಗಿಸಿದರು.

“ಹೊಸಬ್ರಿಗೆ ಹೆಂಗೆ ಗೊತ್ತಾಯ್ತದೆ ಬುಡಿ ಮೇಡಮ್ಮೋರೆ,” ಎಂದರು. ಮೀನಿಲ್ಲದೆ ಊಟ ಸೇರದೆ ಮುಖ ಸಣ್ಣಗೆ ಮಾಡಿಕೊಂಡಿದ್ದವಳಿಗೆ ಹುರುಳಿ ಸಾರಿನಲ್ಲಿ ಮುದ್ದೆ ನುಂಗುವುದನ್ನು ಕಲಿಸಿದವರೂ ಅವರೇ.

ಇಷ್ಟಾದರೂ ಊರು ನನ್ನದಾಗಲಿಲ್ಲ. ಅಂಗಡಿಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ನಾನು ಬಾಯಿ ತೆರೆದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಆಗ ಸಿಕ್ಕಿದ್ದು ಸೇವಾ ಕ್ಲಬ್ಬು. ಸದಸ್ಯರಲ್ಲಿ ಹೆಚ್ಚಿನವರು ನನ್ನ ಹಾಗೆ ವರ್ಗವಾಗಿ ಬಂದವರು. ಕಣ್ಣಿನ ಶಿಬಿರ, ಶಾಲೆಗೆ ಬೆಂಚು, ಗಿಡ ನೆಡುವುದು ಎಂದು ಏನಾದರೊಂದು ನಡೆಸುತ್ತಿದ್ದರು. ನನ್ನ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕ ಖುಷಿಗೆ ನನಗೆ ಕೋಡು ಮೂಡಿತು. ಚಳಿಗಾಲದ ಕಾರ್ಯಕ್ರಮ ನನ್ನದೇ ಎಂದು ಹೊತ್ತುಕೊಂಡೆ.

ನಿಡುಗಲ್ ಕಡೆಯ ಹಳ್ಳಿಯೊಂದರ ವೃದ್ಧರಿಗೆ ಕಂಬಳಿ, ಜೊತೆಗೆ ಮಂಡಿನೋವಿಗೆ ತಿಕ್ಕಲು ಒಂದೊಂದು ಬಾಟಲಿ ಎಳ್ಳೆಣ್ಣೆ. ಕಂಬಳಿಗೆ ಕಪ್ಪು ಬಣ್ಣ ಆರಿಸಿದ್ದು ನಾನು, ಕೊಳೆ ಕಾಣುವುದಿಲ್ಲವೆಂದು. ಇದನ್ನು ಬರೆಯಲೂ ಈಗ ಕೈ ಹಿಂಜರಿಯುತ್ತದೆ. ಕಾಲೇಜು ಅರ್ಧ ದಿನವಾದ್ದರಿಂದ ಶನಿವಾರ ಗೊತ್ತು ಮಾಡಿದೆ. ಮೆಡಿಕಲ್ ಶಾಪ್ ನಡೆಸುವ ನಮ್ಮ ಅಧ್ಯಕ್ಷ ರಾಮಾಂಜಪ್ಪನವರು ಪಟ್ಟಿ ನೋಡಿ, “ಸೋಮಾರ ಇಟ್ಕಳಾಣ್ವಾ ಮೇಡಂ?” ಎಂದರು. ಆಗುವುದಿಲ್ಲ ಎಂದೆ. ಪತ್ರಿಕೆಗೆ ಕಳಿಸುವ ಸುದ್ದಿಯನ್ನೂ ಹಿಂದಿನ ದಿನವೇ ಬರೆದಿಟ್ಟೆ.

ನೋಡಲೆಂದು ನರಸಮ್ಮನವರನ್ನೂ ಕರೆದುಕೊಂಡು ಹೋಗಿದ್ದೆ. ಅವರು ಹಿಂದಿನ ಸಾಲಿನಲ್ಲಿ ಕುಳಿತರು. ನಾನು ಮೈಕಿನಲ್ಲಿ ಮೊದಲ ಹೆಸರು ಓದಿದೆ. ಯಾರೂ ಏಳಲಿಲ್ಲ. ಎರಡನೆಯದು, ಮೂರನೆಯದು. ಕುಳಿತವರು ನೆಲ ನೋಡುತ್ತಿದ್ದರು. ಒಬ್ಬ ಅಜ್ಜ ಮೆಲ್ಲಗೆ, “ನಿಮ್ ಸನಿ ನಮ್ ತಲೆ ಮ್ಯಾಕೆ ಯಾಕವ್ವಾ?” ಎಂದ.

ಆಗ ಹೊಳೆಯಿತು. ಶನಿವಾರ, ಕರಿ ಕಂಬಳಿ, ಎಳ್ಳೆಣ್ಣೆ. ಶನಿಕಾಟ ಕಳೆಯಲೆಂದು ಜನ ಮಾಡುವ ದಾನ ಇದೇ. ಕೊಟ್ಟವರ ಕಾಟ ತೆಗೆದುಕೊಂಡವರಿಗೆ ಅಂಟುತ್ತದೆ ಎಂಬ ಭಯವೂ ಇದೆ. ಶನಿಮಹಾತ್ಮನ ದರ್ಶನಕ್ಕೆ ವಾರವಾರವೂ ಎಲ್ಲೆಲ್ಲಿಂದಲೋ ಜನ ಬಂದಿಳಿಯುವ ಪಾವಗಡದಲ್ಲಿ ಇದು ನೆನಪಾಗದೆ ಹೋಯಿತೆಂದರೆ ಏನು ಹೇಳಲಿ? ಶನಿವಾರದ ಎಳ್ಳೆಣ್ಣೆ ದೀಪ ನಮ್ಮ ಕಡೆಯೂ ಇದೆ. ತಿಳಿಯದ್ದಲ್ಲ. ಕೊಡುವ ನನ್ನ ಕೈಯನ್ನಷ್ಟೇ ನೋಡುತ್ತಿದ್ದೆ.

ರಾಮಾಂಜಪ್ಪನವರು, “ಓದ್ದೋರು, ಗೊತ್ತಿರ್ತದೆ ಅಂದ್ಕಂಡೆ ಮೇಡಂ,” ಎಂದು ತಲೆ ತುರಿಸಿಕೊಂಡರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನರಸಮ್ಮನವರು ಎದ್ದರು. ನಿಧಾನವಾಗಿ ನಡೆದು ಬಂದು ನನ್ನ ಮುಂದೆ ಸೆರಗೊಡ್ಡಿದರು. ನನ್ನ ಮನೆಯೊಡತಿಗೆ ನಾನು ಕಂಬಳಿ ಕೊಟ್ಟೆ. ಯಾರೋ ಫೋಟೊ ತೆಗೆದರು. ಆಮೇಲೆ ನಾಲ್ಕೈದು ಜನ ಬಂದರು. ಉಳಿದವರು ಎದ್ದು ಮನೆಗೆ ಹೋದರು.

ಸೋಮವಾರ ಪತ್ರಿಕೆಯಲ್ಲಿ ಆ ಫೋಟೊ ಬಂತು. ಕೆಳಗೆ ನಾನೇ ಬರೆದಿಟ್ಟಿದ್ದ ಸಾಲು: ‘ನಿರ್ಗತಿಕ ವೃದ್ಧರಿಗೆ ಕಂಬಳಿ ವಿತರಣೆ.’ ಗಾಬರಿಯಲ್ಲಿ ಅದನ್ನು ತಡೆಯುವುದನ್ನೇ ಮರೆತಿದ್ದೆ.

ಮಧ್ಯಾಹ್ನ ಶಿರಾದಿಂದ ನರಸಮ್ಮನವರ ಮಗಳು ಜಯಮ್ಮ ಪತ್ರಿಕೆ ಹಿಡಿದು ಬಂದಳು. ಅವಳ ಗಂಡನ ಮನೆಯವರು ಅಲ್ಲಿ ಕಡಲೆಕಾಯಿ ವ್ಯಾಪಾರಸ್ಥರು. ನನ್ನ ಕೋಣೆಗೂ ನರಸಮ್ಮನವರ ಮನೆಗೂ ನಡುವೆ ಒಂದೇ ಗೋಡೆ. ಎಲ್ಲ ಕೇಳುತ್ತಿತ್ತು.

“ನಿಂಗೇನ್ ಕಮ್ಮಿ ಮಾಡಿದ್ವಮ್ಮ? ಹೆತ್ತೋಳಿಗೆ ದಾನದ್ ಕಂಬ್ಳಿ ಕೊಡಿಸ್ದೋಳು ಅಂತ ನಮ್ಮತ್ತೆ ಬೆಳಗ್ಗಿಂದ ಆಡ್ಕಂತಾವ್ಳೆ. ಅಲ್ಲಿ ನಾನು ಹೆಂಗೆ ತಲೆ ಎತ್ಲಿ?”

“ಚಳಿ ಆಯ್ತಿತ್ತು ಕಣಮ್ಮ, ಇಸ್ಕಂಡೆ. ಬುಡು ಅತ್ಲಾಗೆ.”

ನನಗಾಗಿ ಎದ್ದೆನೆಂದು ಅವರು ಹೇಳಲಿಲ್ಲ. ಹೇಳಬೇಕಾದವಳು ನಾನು. ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತೆ, ತೆಗೆಯಲಿಲ್ಲ. ಜಯಮ್ಮ ಅಳುತ್ತಾ ಬಸ್ಸಿಗೆ ಹೋದಳು. ಕಂಬಳಿ ತಂದದ್ದಕ್ಕಿಂತ ಆ ಚಿಲಕ ತೆಗೆಯದಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಭಾನುವಾರ ಶಿರಾಕ್ಕೆ ಹೋದೆ. ಜಯಮ್ಮನ ಅತ್ತೆಯ ಎದುರು ಕುಳಿತು ನಡೆದದ್ದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಟೀ ಕೊಟ್ಟರು. ಗೇಟಿನವರೆಗೆ ಬಂದ ಜಯಮ್ಮ, “ಆವತ್ತೇ ಈಚೆಗ್ ಬಂದು ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲಾ ಮೇಡಂ,” ಎಂದಳು.

ಮುಂದಿನ ಶನಿವಾರ ನರಸಮ್ಮನವರ ಬಾಗಿಲಿಗೆ ಹೋಗಿ ಆ ಕಂಬಳಿ ಕೇಳಿದೆ. ಅದು ಮಡಿಕೆ ಬಿಚ್ಚದೆ ಅಟ್ಟದ ಮೇಲಿತ್ತು.

“ಇವತ್ ಬ್ಯಾಡ ಕಣಮ್ಮ. ನಾಳೀಕ್ ತಗಾ.”

“ಇವತ್ತೇ ಕೊಡಿ,” ಎಂದು ಸೆರಗೊಡ್ಡಿದೆ. ಅವರು ಅಟ್ಟದಿಂದ ಕಂಬಳಿ ಇಳಿಸಿ ನನ್ನ ಸೆರಗಿಗೆ ಹಾಕಿದರು. ಅಲ್ಲಿಯವರೆಗೆ ಮೇಡಮ್ಮೋರೆ ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು ಹಾಗೆ ಕರೆದಿಲ್ಲ.

ರಜೆಗೆ ಊರಿಗೆ ಬಂದಾಗ ಅದನ್ನೂ ತಂದಿದ್ದೆ. ಅಮ್ಮನಿಗೆ ಆಶ್ಚರ್ಯ. “ಈ ಸೆಖೆಗೆ ಕಂಬಳಿ ಎಂತಕ್ಕೆ? ಯಾರು ಕೊಟ್ಟದ್ದು?”

“ನಮ್ಮ ಮನೆಯಲ್ಲಿ ಕೊಟ್ಟರು,” ಎಂದುಬಿಟ್ಟೆ.

ಅಮ್ಮ ಕೈಯಲ್ಲಿದ್ದ ಮೀನು ಕೆಳಗಿಟ್ಟು, “ಹಾಗಾದರೆ ಇದು ಯಾರ ಮನೆ?” ಎಂದು ಕೇಳಿದಳು. ಹೊರಡುವ ದಿನ ಕಂಬಳಿಯನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ. ಅಮ್ಮ ನೋಡುತ್ತಾ ನಿಂತಿದ್ದಳು.